ಫಕೀರವ್ವನ ಕಾಲ್ಗುಣವೂ ಸಾವಕಾರರ ಡಬ್ಬಿಯೂ

ನಮ್ಮ ಮನೆಯ ಹಿತ್ತಲ ಬಾಗಿಲಿನ ಚಿಲಕಕ್ಕೆ ತನ್ನದೇ ಆದ ಒಂದು ಸ್ವಭಾವವಿದೆ. ಅದನ್ನು ತೆಗೆಯಬೇಕೆನ್ನುವವರು ಮೊದಲು ಕದವನ್ನು ಎಡಗೈಯಿಂದ ತುಸು ಮೇಲಕ್ಕೆತ್ತಬೇಕು, ಆಮೇಲೆ ಬಲಮೊಣಕಾಲಿನಿಂದ ಕೆಳಗಿನ ಹಲಗೆಗೆ ಪ್ರೀತಿಯಿಂದ ಒಂದು ಗುದ್ದು ಕೊಡಬೇಕು, ಗುದ್ದಿದ ಸದ್ದು ಅಡಗುವ ಮುನ್ನ ಚಿಲಕ ಎಳೆಯಬೇಕು. ಇದರಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಬಾಗಿಲು ತೆರೆಯುವುದಿಲ್ಲ. ಮನೆಗೆ ಬಂದ ನೆಂಟರು ಹಿತ್ತಲಿಗೆ ಹೋಗಬೇಕಾದ ತುರ್ತಿನಲ್ಲಿ ಕದದೊಂದಿಗೆ ಹೆಣಗುವ ಸದ್ದು ಕೇಳಿದರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ "ಎತ್ತಿ ಗುದ್ರಿ, ಗುದ್ದಿ ಎಳೀರಿ" ಎಂದು ಮಂತ್ರೋಪದೇಶ ಮಾಡುತ್ತಾಳೆ. ಒಳಗೆ ಕೆಟ್ಟಿರುವುದು ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಬಿಚ್ಚಿ ನೋಡಿದವರಿಲ್ಲ; ನೋಡುವ ಅಗತ್ಯವೂ ಬಿದ್ದಿಲ್ಲ.

ಸುಮ್ಮನೆ ಯೋಚಿಸಿ ನೋಡಿ, ಮಿತ್ರರೇ, ಈ ಲೋಕದೊಂದಿಗೆ ನಾವು ನಡೆಸುವ ಸಂಸಾರದ ಮುಕ್ಕಾಲು ಪಾಲು ಇಂಥದೇ. ಅಳ್ನಾವರದ ರೈಲ್ವೆ ವಸತಿಯಲ್ಲಿ ನಾನು ಬೆಳೆಯುವಾಗ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ನಮ್ಮಪ್ಪ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಸದ್ದಿನಿಂದಲೇ ಅವ್ವ ಅವನ ಅಂದಿನ ಹವಾಮಾನವನ್ನು ತಿಳಿಯುತ್ತಿದ್ದಳು. ಎರಡೂ ಚಪ್ಪಲಿ ಒಟ್ಟಿಗೆ ಬಿದ್ದರೆ ಚಹಾ ಸಾಕು; ಒಂದು ಬಿದ್ದು ಸ್ವಲ್ಪ ತಡೆದು ಇನ್ನೊಂದು ಬಿದ್ದರೆ ಸ್ಟೇಷನ್ನಿನಲ್ಲಿ ಯಾರೋ ಬೈದಿದ್ದಾರೆ, ಚಹಾದ ಜೊತೆಗೆ ಚುರುಮುರಿಯೂ ಬೇಕು. ಅಪ್ಪನ ಅಂತರಂಗವನ್ನು ಅವಳು ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ಏನು ಹಾಕಿದರೆ ಏನು ಬರುತ್ತದೆ ಎಂಬುದನ್ನಷ್ಟೇ ವರ್ಷಗಟ್ಟಲೆ ಗಮನಿಸಿ ಒಬ್ಬ ಅಪ್ಪನನ್ನು ತನ್ನ ತಲೆಯೊಳಗೆ ಕಟ್ಟಿಕೊಂಡಿದ್ದಳು. ಆ ತಲೆಯೊಳಗಿನ ಅಪ್ಪ ನಿಜವಾದ ಅಪ್ಪನಿಗಿಂತ ಹೆಚ್ಚು ನೆಚ್ಚಿಕೆಯವನಾಗಿದ್ದ.

ಇದೇ ವಿದ್ಯೆಗೆ ಒಂದು ದೊಡ್ಡ ಇಂಗ್ಲಿಷ್ ಹೆಸರಿಟ್ಟು, ಅದರ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆಯಲು ನಾನು ಹೊರಟದ್ದು ಎಂಬತ್ತರ ದಶಕದ ನಡುವಿನಲ್ಲಿ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಯೋಗಶಾಲೆಗೆ ಕಿರಿಯ ಅಧ್ಯಾಪಕನಾಗಿದ್ದೆ. ಮದುವೆಯಾಗಿರಲಿಲ್ಲವಾದ್ದರಿಂದ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ. ನನ್ನ ವಿಷಯವಿಷ್ಟು: ಏಸಿ ವಿದ್ಯುತ್ತನ್ನು ಡಿಸಿಯಾಗಿ ಮಾರ್ಪಡಿಸಿ ಮೋಟಾರುಗಳಿಗೆ ಅಳೆದು ಉಣಿಸುವ ಪೆಟ್ಟಿಗೆಗಳಿರುತ್ತವಲ್ಲ, ಕನ್ವರ್ಟರುಗಳು, ಅವುಗಳ ಒಳಗಿನ ನಕಾಶೆ ಗೊತ್ತಿಲ್ಲದಿದ್ದರೂ, ಹೊರಗಿನಿಂದ ಅಳೆದ ಪ್ರತಿಕ್ರಿಯೆಗಳಿಂದಲೇ ಅವುಗಳ ನಡವಳಿಕೆಯನ್ನು ಗಣಿತದಲ್ಲಿ ಹಿಡಿದಿಡುವುದು. ನನ್ನ ಪ್ರೊಫೆಸರರು ಇದನ್ನು ಕೇಳಿ ಸಂತೋಷಪಟ್ಟರು. ಆದರೆ ಅಳೆಯಲು ನಮ್ಮ ಪ್ರಯೋಗಶಾಲೆಯಲ್ಲಿದ್ದ ಕನ್ವರ್ಟರುಗಳನ್ನೆಲ್ಲ ವಿದ್ಯಾರ್ಥಿಗಳು ಆಗಲೇ ಸುಟ್ಟಿದ್ದರು.

ಆಗ ಒದಗಿದವರು ಅಣ್ಣಿಗೇರಿಯ ಹೊರವಲಯದಲ್ಲಿ ಹತ್ತಿ ಗಿರಣಿ ಇಟ್ಟಿದ್ದ ಚನಬಸಪ್ಪ ಸಾವಕಾರರು. ಮುಂಬಯಿಯಲ್ಲಿ ಬಾಗಿಲು ಹಾಕಿದ ಯಾವುದೋ ಬಟ್ಟೆ ಗಿರಣಿಯ ಹರಾಜಿನಲ್ಲಿ ಅವರು ಅರಳೆ ಹಿಂಜುವ ಒಂದು ಯಂತ್ರ ಕೊಂಡಿದ್ದರು. ಬೀಜ ಬಿಡಿಸಿದ ಅರಳೆಯನ್ನು ಅದರ ಬಾಯಿಗೆ ಹಾಕಿದರೆ ಒಳಗಿನ ಮುಳ್ಳಿನ ಉರುಳೆ ಅದನ್ನು ಹಿಂಜಿ, ಕಸಕಡ್ಡಿ ಉದುರಿಸಿ, ಮಲ್ಲಿಗೆಯಂತೆ ಹೊರಗೆ ತೂರುತ್ತಿತ್ತು. ಯಂತ್ರದ ಜೊತೆಗೆ ಒಂದು ಡಿಸಿ ಮೋಟಾರು, ಮೋಟಾರಿನ ಜೊತೆಗೆ ಒಂದು ಕನ್ವರ್ಟರು ಬಂದಿದ್ದವು. ನಕಾಶೆ ಬಂದಿರಲಿಲ್ಲ. ಕನ್ವರ್ಟರಿನ ಮುಚ್ಚಳ ತೆಗೆದರೆ ಒಳಗೆ ಕಾಣುವುದು ಗಟ್ಟಿಯಾದ ಕಪ್ಪು ಅಂಟು ಮಾತ್ರ. ತಯಾರಿಸಿದವರು ತಮ್ಮ ಗುಟ್ಟು ಹೊರಬೀಳದಿರಲೆಂದು ಡಾಂಬರಿನಂಥದೇನನ್ನೋ ಸುರಿದು ಎಲ್ಲವನ್ನೂ ಹೂತುಬಿಟ್ಟಿದ್ದರು. ಇಂಥ ಪೆಟ್ಟಿಗೆ ಕೆಲಸದ ನಡುವೆ ದಿನಕ್ಕೆ ಏಳೆಂಟು ಸಲ ಟಪ್ಪೆಂದು ನಿಂತುಬಿಡುತ್ತದೆಂದು ಸಾವಕಾರರು ನಮ್ಮ ಪ್ರೊಫೆಸರರಿಗೆ ಕಾಗದ ಬರೆದರು. ರೋಗಿಗೊಬ್ಬ ವೈದ್ಯ ಬೇಕಾಗಿತ್ತು, ವೈದ್ಯನಿಗೊಬ್ಬ ರೋಗಿ.

ಹೋಳಿ ಹುಣ್ಣಿಮೆ ಕಳೆದ ಮರುವಾರ, ಕಾಲೇಜಿನ ಒಂದೇ ಒಂದು ಪೆನ್ ರೆಕಾರ್ಡರನ್ನು ಮೂರು ದಿನದ ಮಟ್ಟಿಗೆ ಕೇಳಿ ಪಡೆದು ನಾನು ಗದಗಿನ ಬಸ್ಸು ಹತ್ತಿದೆ. ಸುತ್ತಿದ ಚೌಕಳಿ ಕಾಗದ ಮೆಲ್ಲಗೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಅದರ ಮೇಲೆ ಒಂದು ಪೆನ್ನು ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ಬರೆಯುತ್ತದೆ, ಅಂಥ ಯಂತ್ರ ಅದು. ಅಂಗಿಯ ಮೇಲೆ ಇನ್ನೂ ಗುಲಾಬಿ ಬಣ್ಣ ಉಳಿದಿದ್ದ ಕಂಡಕ್ಟರನು ಅದರ ಹಿಡಿಕೆಯನ್ನೂ ಅದನ್ನು ತೊಡೆಯ ಮೇಲಿಟ್ಟುಕೊಂಡ ನನ್ನನ್ನೂ ನೋಡಿ, "ಪೇಟಿ ಬಾರಸ್ತೀರೇನ್ರಿ? ಯಾವೂರಾಗ ಭಜನಿ?" ಎಂದ. ಇದು ಹಾರ್ಮೋನಿಯಂ ಅಲ್ಲ, ಗೆರೆ ಬರೆಯುವ ಯಂತ್ರ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಬರಿಯಾಕ ನೀವ ಕಲ್ತಿಲ್ಲೇನ್ರಿ?" ಎಂದು ಕೇಳಿ ಮುಂದಿನ ಸೀಟಿಗೆ ಹೋದ.

ಚನಬಸಪ್ಪ ಸಾವಕಾರರು ಐವತ್ತರ ಆಸುಪಾಸಿನ, ಹಣೆ ತುಂಬ ವಿಭೂತಿಯ, ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ತಮ್ಮ ಹಣೆಯ ಮೇಲಿದ್ದಷ್ಟೇ ವಿಭೂತಿಯನ್ನು ಕನ್ವರ್ಟರಿನ ಮುಚ್ಚಳಕ್ಕೂ ಬಳಿದಿದ್ದರು. ಗಿರಣಿಯಲ್ಲಿ ಎಲ್ಲರೂ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಈ ಡಬ್ಬಿಯ ಕೆಲಸವೇನೆಂದು ಅವರು ಕೇಳಿದಾಗ ನಾನು ಸರಳವಾಗಿ, ಇದು ಏಸಿಯನ್ನು ಡಿಸಿ ಮಾಡುತ್ತದೆ ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು.

"ಏಸಿ ಸಾಹೇಬ್ರನ್ನ ಡಿಸಿ ಸಾಹೇಬ್ರನ್ನ ಮಾಡೂ ಡಬ್ಬಿ ಐತಿ ಅಂತ ಧಾರವಾಡದ ಕಚೇರ್‍ಯಾಗ ಗೊತ್ತಾತಂದ್ರ, ಗಿರಣಿ ಮುಂದ ಜೀಪುಗೋಳು ಸಾಲು ಹಚ್ಚತಾವ ನೋಡ್ರಿ ಮಾಸ್ತರ!"

ನಗು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. ಅವರ ಹಿಂದೆ ಕರಿಕೋಟು ತೊಟ್ಟು ನಿಂತಿದ್ದ ಗುಮಾಸ್ತ ವಿರೂಪಾಕ್ಷಪ್ಪನವರು, ನಗದೇ ಇದ್ದವರು ಅವರೊಬ್ಬರೇ, ಕೆಮ್ಮಿ ಮುಂದೆ ಬಂದರು. ಡಬ್ಬಿಯ ರೋಗ ತಮಗೆ ಗೊತ್ತಿದೆಯೆಂದೂ, ಹುಬ್ಬಳ್ಳಿಯಿಂದ ಯಾರೂ ಬರಬೇಕಾಗಿರಲಿಲ್ಲವೆಂದೂ ಹೇಳಿದರು.

"ಮೊರಬದಿಂದ ಒಬ್ಬಾಕಿ ಬಂದಾಳ್ರಿ, ಫಕೀರವ್ವ ಅಂತ. ಆಕಿ ಬುಟ್ಟಿ ಹಿಡಕೊಂಡು ಬಂದಳು ಅಂದ್ರ ಡಬ್ಬಿ ನಿಂತತಿ. ಉಳದ ಹೆಣ್ಮಕ್ಳು ಬಂದ್ರ ನಿಂದ್ರೂದಿಲ್ಲ. ಆಕಿ ಕಾಲ್ಗುಣ, ಮತ್ತೇನಿಲ್ಲ. ಇದ ಸಂತಿಗೆ ಆಕೀನ್ನ ಬಿಡಿಸಿಬಿಟ್ರ ಮುಗೀತು."

ನಾನು ಸಾವಕಾರರ ಮುಖ ನೋಡಿದೆ. "ನಾ ಕಾಲ್ಗುಣ-ಗಿಲ್ಗುಣ ನಂಬಾವಲ್ಲ ಮಾಸ್ತರ," ಎಂದರು ಅವರು ಸಂಕಟದಿಂದ. "ಆದ್ರ ಈ ಡಬ್ಬಿ ನಂಬತೈತಲ್ಲ, ನಾ ಏನ್ ಮಾಡ್ಲಿ?"

ಮೂರು ದಿನ ಕಾಯುವುದೆಂದು ಒಪ್ಪಂದವಾಯಿತು. ಶುಕ್ರವಾರದ ಸಂತೆಯೊಳಗೆ ನಾನು ಡಬ್ಬಿಯ ರೋಗವನ್ನು ಹೇಳದಿದ್ದರೆ ಫಕೀರವ್ವ ಮೊರಬಕ್ಕೆ ಮರಳಬೇಕು.

ಆ ಫಕೀರವ್ವನನ್ನು ನಾನು ಮೊದಲು ಕಂಡದ್ದು ಅರಳೆಯ ರಾಶಿಯ ಮೇಲೆ. ಮೂವತ್ತೈದರ ಪ್ರಾಯದ, ಎತ್ತರದ ಹೆಂಗಸು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ತಲೆಗೂದಲ ತುಂಬ ಅರಳೆಯ ಎಳೆ ಅಂಟಿಸಿಕೊಂಡು, ತನಗಿಂತ ಅಗಲವಾದ ಬುಟ್ಟಿಗೆ ಎರಡು ತೆಕ್ಕೆಯಲ್ಲಿ ಅರಳೆ ತುಂಬುತ್ತಿದ್ದಳು. ಅವಳ ಗಂಡ ಕೈ ಮುರಿದುಕೊಂಡು ಮನೆಯಲ್ಲಿದ್ದುದರಿಂದ ಈ ಸುಗ್ಗಿಗೆ ಅಣ್ಣಿಗೇರಿಯ ಅಕ್ಕನ ಮನೆಯಲ್ಲಿದ್ದು ಗಿರಣಿಗೆ ಬರುತ್ತಿದ್ದಳು. ನಾನು ತಂತಿ ಜೋಡಿಸುವುದನ್ನು ನೋಡುತ್ತ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಈ ಸರ್ ಡಬ್ಬೀನ್ನ ನೋಡಾಕ ಬಂದಾರೋ, ನನ್ನ ನೋಡಾಕ ಬಂದಾರೋ?"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನಾನು ಬಿಗಿದ ತಂತಿಯನ್ನೇ ಮತ್ತೊಮ್ಮೆ ಬಿಗಿದೆ.

ಮೊದಲ ದಿನ ನಾನು ಬಿಡಿಸಿದ್ದು ತೆಂಗಿನಕಾಯಿಯ ಒಗಟು. ಡಬ್ಬಿ ನಿಂತಾಗಲೆಲ್ಲ ಅದರ ಕೆಂಪು ಗುಂಡಿ ಒತ್ತಿದರೆ ಮತ್ತೆ ಶುರುವಾಗುತ್ತಿತ್ತು. ಆದರೆ ಗುಮಾಸ್ತರ ಪ್ರಕಾರ, ಅದಕ್ಕೆ ಕಾಯಿ ಒಡೆದ ಮೇಲಷ್ಟೇ. ಒಡೆಯದೆ ಒತ್ತಿದರೆ ಶುರುವಾಗುವುದಿಲ್ಲವೆಂದು ಅವರು ಸಾಧಿಸಿ ತೋರಿಸಿದರು. ಡಬ್ಬಿ ನಿಂತ ಕೂಡಲೇ ಒತ್ತಿದರು, ಶುರುವಾಗಲಿಲ್ಲ. ಕಾಯಿ ತರಿಸಿದರು, ಜುಟ್ಟು ಬಿಡಿಸಿದರು, ಊದಿನಕಡ್ಡಿ ಹಚ್ಚಿದರು, ಒಡೆದರು, ನೀರು ಚಿಮುಕಿಸಿದರು, ಹೋಳು ಹಂಚಿದರು, ತಾವೊಂದು ಚೂರು ಬಾಯಿಗೆ ಹಾಕಿಕೊಂಡು ಗುಂಡಿ ಒತ್ತಿದರು. ಮೋಟಾರು ಗುಂಯ್ಯೆಂದು ತಿರುಗಿತು. ಗುಮಾಸ್ತರು ನನ್ನನ್ನು ಕರುಣೆಯಿಂದ ನೋಡಿದರು.

ನಾನು ಆ ಕಾರ್ಯಕ್ರಮಕ್ಕೆ ಗಡಿಯಾರ ಹಿಡಿದಿದ್ದೆ. ಹತ್ತು ನಿಮಿಷಕ್ಕೆ ತುಸು ಹೆಚ್ಚು ಹಿಡಿಸಿತ್ತು. ಮುಂದಿನ ಸಲ ನಿಂತಾಗ, ಕಾಯಿಯನ್ನು ಮುಟ್ಟಗೊಡದೆ ಎಲ್ಲರನ್ನೂ ಸುಮ್ಮನೆ ಕುಳಿತಿರಲು ಕೇಳಿಕೊಂಡೆ. ಹತ್ತು ನಿಮಿಷ ಕಳೆದು ಗುಂಡಿ ಒತ್ತಿದೆ, ಮೋಟಾರು ತಿರುಗಿತು. ಒಳಗಿನ ಯಾವುದೋ ಭಾಗಕ್ಕೆ ತಣ್ಣಗಾಗಲು ಅಷ್ಟು ಹೊತ್ತು ಬೇಕಿತ್ತು, ಅಷ್ಟೇ. ಇದು ನನ್ನ ಶಾಸ್ತ್ರದ ಮೊದಲ ವಿಜಯವೆಂದು ಬೀಗುತ್ತ ಸಾವಕಾರರ ಕಡೆ ತಿರುಗಿದರೆ ಅವರು ಪೆಚ್ಚಾಗಿದ್ದರು. "ಖರೆ ಐತ್ರಿ ನಿಮ್ಮಾತು," ಎಂದರು. "ಆದ್ರ ಸುಮ್ಮ ಕುಂತ ಹತ್ತು ಮಿನಿಟು ಭಾಳ ಉದ್ದ ಆಗತಾವ. ಕಾಯಿ ಇದ್ರ ಹೊತ್ತು ಹೋಗತಿತ್ತು." ಆ ಮಾತು ನನಗೆ ಆಗ ತಮಾಷೆಯೆನಿಸಿತು. ಈಗ, ಎಷ್ಟೋ ಆಸ್ಪತ್ರೆಗಳ ಪಡಸಾಲೆಯಲ್ಲಿ ಕೂತು ಎದ್ದ ಮೇಲೆ, ಕಾಯುವುದನ್ನು ಕೈಗೊಂದು ಕೆಲಸವಾಗಿ ಮಾರ್ಪಡಿಸುವ ಕಲೆ ಯಾವ ಕನ್ವರ್ಟರಿನದಕ್ಕೂ ಕಡಿಮೆಯದಲ್ಲವೆಂದು ತಿಳಿದಿದೆ.

ಎರಡನೆಯ ದಿನ ಪೆನ್ ರೆಕಾರ್ಡರನ್ನು ಮೋಟಾರಿನ ತಂತಿಗೆ ಕಟ್ಟಿ ಬೆಳಗಿನಿಂದ ಸಂಜೆಯವರೆಗೂ ಬಿಟ್ಟೆ. ಯಾರು ಯಾವಾಗ ಬುಟ್ಟಿ ತಂದರೆಂದು ಕಾಗದದ ಅಂಚಿನಲ್ಲೇ ಪೆನ್ಸಿಲಿನಿಂದ ಹೆಸರು ಬರೆಯುತ್ತ ಹೋದೆ: ನೀಲವ್ವ, ಕಾಶವ್ವ, ಫಕೀರವ್ವ, ಮತ್ತೆ ನೀಲವ್ವ. ಸಾವಕಾರರು ಈ ಕಾಗದವನ್ನು ನೋಡಿದವರೇ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಮ್ಮ ಎದೆಗೂ ಇಂಥದೇ ಗೆರೆ ಬರೆಸಿದ್ದರೆಂದು ನೆನಪಿಸಿಕೊಂಡು, ಹೇಗೂ ಯಂತ್ರ ಬಂದಿದೆ, ತಮ್ಮದನ್ನೂ ಒಮ್ಮೆ ನೋಡಿಬಿಡಬಾರದೇ ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು. ಮೋಟಾರಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಅವರಿಗೆ ಅದು ಪೂರ್ತಿ ಮನದಟ್ಟಾದಂತೆ ಕಾಣಲಿಲ್ಲ.

ಸಂಜೆ ಲೆಕ್ಕ ಹಾಕಿದೆ. ಡಬ್ಬಿ ಆ ದಿನ ಏಳು ಸಲ ನಿಂತಿತ್ತು. ಏಳೂ ಸಲ ಅಂಚಿನಲ್ಲಿದ್ದ ಹೆಸರು ಒಂದೇ.

ನನ್ನ ಬೆನ್ನ ಹಿಂದಿನಿಂದ ಕನ್ನಡಕ ಸರಿಪಡಿಸಿಕೊಂಡು ಓದುತ್ತಿದ್ದ ವಿರೂಪಾಕ್ಷಪ್ಪನವರು ಮೊದಲ ಬಾರಿಗೆ ನಕ್ಕರು. "ನಾ ಬಾಯಾಗ ಹೇಳಿದ್ದನ್ನ ನೀವು ಕಾಗದದಾಗ ಬರದ್ರಿ. ವಿದ್ಯಾ ಅಂದ್ರ ಇದ ನೋಡ್ರಿ!" ಎಂದು ಆ ಕಾಗದವನ್ನು ಸಾವಕಾರರಿಗೆ ತೋರಿಸಲು ಹೊರಟೇಬಿಟ್ಟರು. ಸಾವಕಾರರು ನೋಡಿದರು, ನಿಟ್ಟುಸಿರು ಬಿಟ್ಟರು, ನಾಳೆ ಮಧ್ಯಾಹ್ನದ ತನಕ ನೋಡೋಣ ಎಂದರು.

ಸ್ನೇಹಿತರೇ, ಶಾಸ್ತ್ರವನ್ನು ನಂಬಿ ಮೂಢನಂಬಿಕೆಯ ವಿರುದ್ಧ ಯುದ್ಧಕ್ಕೆ ಹೊರಟವನಿಗೆ, ತನ್ನದೇ ಶಾಸ್ತ್ರ ಎದುರು ಪಕ್ಷಕ್ಕೆ ಸಾಕ್ಷಿ ಹೇಳಿಬಿಟ್ಟರೆ ಆಗುವ ಅವಮಾನ ಎಂಥದೆಂದು ಹೇಗೆ ಹೇಳಲಿ. ನಾನು ರೆಕಾರ್ಡರಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆ. ಮನೆಗೆ ಹೊರಟ ಹೆಂಗಸರ ಗುಂಪಿನಿಂದ ಫಕೀರವ್ವ ಒಬ್ಬಳೇ ಹಿಂದಿರುಗಿ ಬಂದು ನನ್ನ ಮುಂದೆ ನಿಂತಳು. ಮೊದಲ ದಿನದ ಪರಿಹಾಸ್ಯ ಅವಳ ದನಿಯಲ್ಲಿರಲಿಲ್ಲ.

"ಗುಮಾಸ್ತರಿಗೆ ನನ್ನ ಮ್ಯಾಲೆ ಸಿಟ್ಟೈತ್ರಿ, ಅದು ಗೊತ್ತೈತಿ. ಒಮ್ಮೆ ಅವರ ಛತ್ರಿ ಅರಳಿ ರಾಶಿಯಾಗ ಹೋಗಿ, ನಾ ಅದನ್ನೂ ಬುಟ್ಯಾಗ ತುಂಬಿದ್ದೆ. ಆದ್ರ ನಿಮ್ಮ ಪೆನ್ನಿಗೆ ನಾ ಏನ್ ಮಾಡೀನ್ರಿ ಸರ್?"

ಅಷ್ಟು ಕೇಳಿ ಅವಳು ಹೋದಳು. ಹುಬ್ಬಳ್ಳಿಗೆ ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕಾಗದದ ಸುರುಳಿಯನ್ನು ಗಿರಣಿಯ ನೆಲದ ಮೇಲೆ ಉದ್ದಕ್ಕೆ ಹಾಸಿ, ಮೊಣಕಾಲೂರಿ, ತಪ್ಪು ಮಾಡಿದವನಂತೆ ತೆವಳುತ್ತ ಮತ್ತೊಮ್ಮೆ ನೋಡತೊಡಗಿದೆ. ಅದುವರೆಗೆ ನಾನು ಗೆರೆ ಎಲ್ಲಿ ಮುರಿಯಿತೆಂದು ಮಾತ್ರ ನೋಡಿದ್ದೆ. ಮುರಿಯುವ ಮುನ್ನ ಅದು ಹೇಗೆ ಏರಿತೆಂದು ನೋಡಿರಲಿಲ್ಲ. ನೀಲವ್ವನ ಹೆಸರಿದ್ದಲ್ಲಿ ಗೆರೆ ನವಲಗುಂದದ ಗುಡ್ಡದಂತೆ ಆರಾಮವಾಗಿ ಏರಿ, ತುದಿಯಲ್ಲಿ ಸ್ವಲ್ಪ ವಿಶ್ರಮಿಸಿ, ಇಳಿಯುತ್ತಿತ್ತು. ಕಾಶವ್ವನದು ಇನ್ನೂ ಆರಾಮ. ನಡುನಡುವೆ ಸಪಾಟು, ಅಂದರೆ ಅಲ್ಲಿ ಮಾತುಕತೆ. ಫಕೀರವ್ವನ ಹೆಸರಿದ್ದಲ್ಲಿ ಗೆರೆ ಏರುತ್ತಲೇ ಇರಲಿಲ್ಲ. ನೆಟ್ಟಗೆ ನಿಲ್ಲುತ್ತಿತ್ತು, ಕೋಟೆಯ ಗೋಡೆಯಂತೆ.

ಉಳಿದ ಹೆಂಗಸರೆಲ್ಲ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಹಿಡಿ ಹಿಡಿಯಾಗಿ ಅರಳೆಯನ್ನು ಯಂತ್ರದ ಬಾಯಿಗೆ ಹಾಕುತ್ತ, ಮಗಳ ಬಾಣಂತನದ ಸುದ್ದಿ ಮುಗಿಸುವಷ್ಟರಲ್ಲಿ ಬುಟ್ಟಿ ಮುಗಿಸುತ್ತಿದ್ದರು. ಇವಳು ಬುಟ್ಟಿಯನ್ನೇ ಎತ್ತಿ ಒಮ್ಮೆಲೆ ಬೋರಲು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದಳು. ಹಾಗೆ ಬಿದ್ದಾಗ ಮೋಟಾರು ಥಟ್ಟನೆ ಮುಗ್ಗರಿಸುತ್ತಿತ್ತು. ಅದನ್ನು ಎತ್ತಿ ನಿಲ್ಲಿಸಲು ಡಬ್ಬಿ ಗಾಬರಿಗೊಂಡು ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಸುರಿಯುತ್ತಿತ್ತು. ತಾನೇ ಸುರಿದದ್ದು ಮಿತಿ ಮೀರಿತೆಂದು ತಾನೇ ಹೆದರಿ ಕದ ಮುಚ್ಚಿಕೊಳ್ಳುತ್ತಿತ್ತು. ಡಬ್ಬಿಗೆ ಭಾರದ ಭಯವಿರಲಿಲ್ಲ, ಅವಸರದ ಭಯವಿತ್ತು. ಇಂಥ ಸ್ವಭಾವದವರು ನಮ್ಮ ಕಾಲೇಜಿನ ಕಚೇರಿಯಲ್ಲೂ ಇಬ್ಬರಿದ್ದರು; ಆದರೂ ನನಗೆ ಹೊಳೆಯಲು ಎರಡು ದಿನ ಹಿಡಿಯಿತು.

ಮರುದಿನ ಬೆಳಿಗ್ಗೆ ಸಾವಕಾರರ ಮುಂದೆ ನಿಂತು ಹೇಳಿದೆ: "ಸಾವಕಾರ್ರ, ನಾ ಈಗ ಎರಡು ಭವಿಷ್ಯ ಹೇಳ್ತೀನ್ರಿ. ಫಕೀರವ್ವ ನೀಲವ್ವನಂಗ ಹಿಡಿ ಹಿಡಿ ಹಾಕಿದ್ರ ಡಬ್ಬಿ ನಿಂದ್ರೂದಿಲ್ಲ. ಗುಮಾಸ್ತರು ಫಕೀರವ್ವನಂಗ ಬುಟ್ಟಿ ಒಮ್ಮೆಲೆ ಸುರವಿದ್ರ ನಿಂದರತೈತಿ."

ಪೆನ್ ರೆಕಾರ್ಡರನ್ನು ಮತ್ತೆ ಕಟ್ಟಿದೆ. ಗಿರಣಿಯೇ ನಿಂತು ನೋಡಿತು. ಫಕೀರವ್ವನಿಗೆ ಹಿಡಿ ಹಿಡಿ ಹಾಕುವುದು ಹಿಂಸೆಯಾಯಿತು. ಎರಡು ಸಲ ಅವಳ ಕೈ ತಾನಾಗಿಯೇ ಬುಟ್ಟಿಯ ಅಂಚಿಗೆ ಹೋಯಿತು, ಎರಡು ಸಲವೂ ನಾನು "ಸಾವಕಾಶ, ಸಾವಕಾಶ" ಎಂದು ಕೂಗಿದೆ. ಬುಟ್ಟಿ ಮುಗಿಯಿತು. ಡಬ್ಬಿ ನಿಲ್ಲಲಿಲ್ಲ. ಇನ್ನೊಂದು ಬುಟ್ಟಿ ಹಾಕಿಸಿದೆ, ಮತ್ತೊಂದು ಹಾಕಿಸಿದೆ. ಡಬ್ಬಿ ಸಾಧುವಿನಂತೆ ಗುಂಯ್ಗುಡುತ್ತಲೇ ಇತ್ತು.

ಈಗ ಗುಮಾಸ್ತರ ಸರದಿ. ಅವರು ಒಲ್ಲೆನೆಂದರು. ಕೋಟಿಗೆ ಅರಳೆ ಹತ್ತುತ್ತದೆಂದರು. ಕೋಟು ಬಿಚ್ಚಿಟ್ಟು ಬರಲು ಸಾವಕಾರರು ಹೇಳಿದರು. ಆಮೇಲೆ ಸೊಂಟನೋವೆಂದರು. ಅರಳೆಯ ಬುಟ್ಟಿಗೆ ಭಾರವೆಷ್ಟೆಂದು ಹೆಂಗಸರು ನಕ್ಕರು. ಕೊನೆಗೆ ಅವರು ಬುಟ್ಟಿಯನ್ನೆತ್ತಿ, ಕಣ್ಣು ಮುಚ್ಚಿ, ಬಾಯಲ್ಲಿ ಶಿವನಾಮ ಹೇಳುತ್ತ ಒಮ್ಮೆಲೆ ಬೋರಲು ಹಾಕಿದರು.

ಟಪ್.

ಮೋಟಾರು ನಿಂತ ಮೇಲಿನ ಮೌನದಲ್ಲಿ ಫಕೀರವ್ವನ ದನಿ ಸ್ಪಷ್ಟವಾಗಿ ಕೇಳಿಸಿತು: "ಅಯ್ಯ ಶಿವನ! ಗುಮಾಸ್ತರ ಕಾಲ್ಗುಣ ನೋಡ್ರೇ!"

ಆ ನಗೆ ಗಿರಣಿಯ ತಗಡಿನ ಮಾಡಿಗೆ ಬಡಿದು ಮರಳಿ ಬಂತು. ವಿರೂಪಾಕ್ಷಪ್ಪನವರು, ಒಂದು ಸಲ ಆಕಸ್ಮಿಕವಾಗಿರಬಹುದೆಂದು ವಾದಿಸಿದರು. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ವಾದವೇ ಆಗಿತ್ತು. ಹತ್ತು ನಿಮಿಷ ಕಾದೆವು. ಈ ಸಲ ಸಾವಕಾರರೇ ಧೋತರ ಎತ್ತಿ ಕಟ್ಟಿ ಬುಟ್ಟಿ ಸುರಿದರು. ಟಪ್. ಮತ್ತೆ ಹತ್ತು ನಿಮಿಷ. ನೀಲವ್ವ ಸುರಿದಳು. ಟಪ್. ಮಧ್ಯಾಹ್ನದ ಹೊತ್ತಿಗೆ ಆ ಗಿರಣಿಯಲ್ಲಿ ಒಳ್ಳೆಯ ಕಾಲ್ಗುಣದವರು ಒಬ್ಬರೂ ಉಳಿಯಲಿಲ್ಲ. ಕಾಯುವ ಹೊತ್ತು ಕಳೆಯಲೆಂದು ಸಾವಕಾರರು ಕಾಯಿ ತರಿಸಿ ಒಡೆಸಿದರು, ನಾನೂ ಬೇಡವೆನ್ನಲಿಲ್ಲ.

ಹೋಳು ಅಗಿಯುತ್ತಿದ್ದ ಸಾವಕಾರರಿಗೆ ಇದ್ದಕ್ಕಿದ್ದಂತೆ ಒಂದು ಸಂಗತಿ ಹೊಳೆಯಿತು. "ಅಂದ್ರ ಮಾಸ್ತರ, ಇಷ್ಟು ದಿನ ನಾವು ಯಾರನ್ನ ಬಿಡಸಬೇಕು ಅಂತಿದ್ವೋ ಆಕೀನ ಎಲ್ಲಾರಕಿಂತ ಚಲೋ ದುಡೀತಿದ್ಲು?"

"ಹೌದ್ರಿ," ಎಂದೆ.

ಅವರು ಕೈಯಲ್ಲುಳಿದ ಹೋಳನ್ನು ಪಕ್ಕಕ್ಕಿಟ್ಟರು. ಅವರ ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. ಆಮೇಲೆ ಎದ್ದು ಫಕೀರವ್ವನ ಮುಂದೆ ಹೋಗಿ, ಧಣಿಗಳಿಗೆ ರೂಢಿಯಿಲ್ಲದ ಮೆತ್ತಗಿನ ದನಿಯಲ್ಲಿ, "ತಪ್ಪಾತವಾ," ಎಂದರು. "ಇನ್ನ ಮ್ಯಾಲೆ ನೀನೂ ಸ್ವಲ್ಪ ಸಾವಕಾಶ ಹಾಕು. ಮುಗೀತು."

ಕ್ಷಮೆಯನ್ನು ಫಕೀರವ್ವ ತಲೆದೂಗಿ ಸ್ವೀಕರಿಸಿದಳು. ಸಲಹೆಯನ್ನು ಸ್ವೀಕರಿಸಲಿಲ್ಲ. "ಅದೊಂದು ಆಗೂದಿಲ್ರಿ ಯಪ್ಪಾ. ಹೊಲದಾಗ ಸಾಲು ಹಿಡದ್ರ ಎಲ್ಲಾರಕಿಂತ ಮುಂದ ಇರಾಕಿ ನಾ. ಈ ಡಬ್ಬಿ ಸಲುವಾಗಿ ಈ ವಯಸ್ಸಿನ್ಯಾಗ ಮೈಗಳ್ಳತನ ಕಲೀಲೇನ್ರಿ?"

ಇದಕ್ಕೆ ನನ್ನ ಗಣಿತದಲ್ಲಿ ಪರಿಹಾರವಿರಲಿಲ್ಲ. ಡಬ್ಬಿಯನ್ನು ಬದಲಿಸುವಂತಿಲ್ಲ, ಅದು ಅಂಟಿನಲ್ಲಿ ಹೂತಿದೆ. ಫಕೀರವ್ವನನ್ನೂ ಬದಲಿಸುವಂತಿಲ್ಲ, ಅವಳೂ ಅಷ್ಟೇ ಗಟ್ಟಿ. ಹಿಟ್ಟಿನ ಗಿರಣಿಯಲ್ಲಿ ಜೋಳ ಸುರಿಯಲು ಇರುತ್ತದಲ್ಲ, ಅಂಥ ಇಳಿಜಾರು ತಗಡಿನ ಬಾಯಿಯೊಂದನ್ನು ಮಾಡಿಸಿ ಯಂತ್ರದ ಮೇಲೆ ಕೂರಿಸಿದರಾಯಿತು, ಮೇಲೆ ಒಮ್ಮೆಲೆ ಸುರಿದರೂ ಕೆಳಗೆ ಸ್ವಲ್ಪ ಸ್ವಲ್ಪವೇ ಬೀಳುತ್ತದೆ ಎಂದೆ. ತಗಡು ಗಿರಣಿಯಲ್ಲೇ ಇತ್ತು. ತಾಸಿನೊಳಗೆ ಬಾಗಿಸಿ ಕಟ್ಟಿದೆವು. ಫಕೀರವ್ವ ಸುರಿದಳು. ಅರಳೆ ಇಳಿಜಾರಿನ ನಡುವಿನಲ್ಲಿ ಕೂತು ಕೆಳಗಿಳಿಯಲು ಒಲ್ಲೆನೆಂದಿತು. ನಾನು ಕೋಲಿನಿಂದ ತಿವಿದೆ. ಇಡೀ ಮುದ್ದೆ ಒಮ್ಮೆಗೇ ಜಾರಿ ಬಿತ್ತು. ಟಪ್.

"ಅರಳಿ ಅಂದ್ರ ಜ್ವಾಳ ಅಲ್ರಿ ಸರ್," ಎಂದಳು ಫಕೀರವ್ವ ನನ್ನನ್ನು ಸಮಾಧಾನಪಡಿಸುವವಳಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಅತ್ತಿತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಒಂದು ಅಗಲವಾದ ಹಲಗೆಯನ್ನು ಎಳೆದು ತಂದು ಯಂತ್ರದ ಬಾಯಿಯ ಮಟ್ಟಕ್ಕೆ ಎರಡು ಪೀಪಾಯಿಗಳ ಮೇಲೆ ಹಾಸಿದಳು. ತನ್ನ ಬುಟ್ಟಿಯನ್ನು ಆ ಹಲಗೆಯ ಮೇಲೆ ಬೋರಲು ಹಾಕಿದಳು. ಹಲಗೆಯ ಆಚೆ ಈಚೆ ನೀಲವ್ವ, ಕಾಶವ್ವರನ್ನು ನಿಲ್ಲಿಸಿ, "ನೀವು ಮಾತಾಡಕೋತ ಹಿಡಿ ಹಿಡಿ ನೂಕ್ರಿ. ತಂದು ಹಾಕೂದು ನನಗ ಬಿಡ್ರಿ," ಎಂದಳು.

ಮಾತುಕತೆ ಶುರುವಾಯಿತು, ಅರಳೆ ಸರಿಯತೊಡಗಿತು. ಫಕೀರವ್ವ ತನ್ನ ವೇಗದಲ್ಲಿ ತಂದು ಸುರಿಯುತ್ತಿದ್ದಳು, ಅವರಿಬ್ಬರು ತಮ್ಮ ವೇಗದಲ್ಲಿ ನೂಕುತ್ತಿದ್ದರು. ಹಲಗೆಯ ಮೇಲಿನ ರಾಶಿ ಒಮ್ಮೆ ಉಬ್ಬಿ ಒಮ್ಮೆ ಇಳಿದು ಎರಡೂ ವೇಗಗಳಿಗೆ ರಾಜಿ ಮಾಡಿಸುತ್ತಿತ್ತು. ಪೆನ್ನು ಸಪಾಟು ಗೆರೆ ಬರೆಯುತ್ತ ಹೋಯಿತು, ಕೆರೆಯ ನೀರಿನಂಥ ಗೆರೆ. ಸಂಜೆಯವರೆಗೆ ಡಬ್ಬಿ ಒಂದು ಸಲವೂ ನಿಲ್ಲಲಿಲ್ಲ. ಏರಿಳಿತವನ್ನು ನಯಗೊಳಿಸುವ ಇಂಥ ವ್ಯವಸ್ಥೆಗೆ ನನ್ನ ಪ್ರಬಂಧದಲ್ಲಿ ಫಿಲ್ಟರ್ ಎಂದು ಹೆಸರು. ಗಿರಣಿಯಲ್ಲಿ ಅದಕ್ಕೆ ನೀಲವ್ವ, ಕಾಶವ್ವ ಎಂದು ಹೆಸರು. ಹರಟೆಯನ್ನು ವ್ಯರ್ಥವೆಂದು ಹಳಿಯುವವರನ್ನು ಕಂಡಾಗಲೆಲ್ಲ ನನಗೆ ಆ ಹಲಗೆ ಕಣ್ಣಮುಂದೆ ಬರುತ್ತದೆ. ಒಂದು ಸಂಸಾರದಲ್ಲಿ, ಒಂದು ಕಚೇರಿಯಲ್ಲಿ, ಬಿರುಸಿನವರು ತಂದು ಸುರಿದದ್ದನ್ನು ಹೆದರುಪುಕ್ಕಲರ ಬಾಯಿಗೆ ಹಿಡಿ ಹಿಡಿಯಾಗಿ ನೂಕುವ ಮಾತುಗಾರರು ನಡುವೆ ಇಲ್ಲದಿದ್ದರೆ, ದಿನಕ್ಕೆ ಏಳು ಸಲ ಎಲ್ಲವೂ ನಿಂತುಹೋಗುತ್ತಿತ್ತೋ ಏನೋ.

ನಾನು ಸಾಮಾನು ಕಟ್ಟುವಾಗ ಸಾವಕಾರರು ಬಂದು, ಡಬ್ಬಿಯ ಒಳಗೆ ಏನಿದೆಯೆಂದು ಕೊನೆಗೂ ಗೊತ್ತಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ನನ್ನ ಮೇಲಿನ ಗೌರವ ಅದರಿಂದ ಹೆಚ್ಚಿತೆಂದು ತೋರಿತು. ಅವರ ಹಿಂದಿನಿಂದ ಫಕೀರವ್ವ ಬಂದು ನೆಲದ ಮೇಲೆ ಬಿಚ್ಚಿದ್ದ ಸುರುಳಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಅವಳಿಗೆ ಓದು ಬಾರದು. ಅಂಚಿನ ಅಕ್ಷರಗಳ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದಳು. ನೀಲವ್ವ ಎಂದೆ. ಇದು? ಕಾಶವ್ವ. ಬೆರಳು ಸರಿದು ಗೋಡೆಯಂಥ ಗೆರೆಯ ಬುಡಕ್ಕೆ ಬಂತು.

"ಇದು ನೀನ ನೋಡವಾ," ಎಂದೆ.

ಬೆರಳು ಆ ಗೆರೆಯನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಹತ್ತಿತು. ಅಷ್ಟು ಮೆಲ್ಲಗೆ ಅವಳು ಏನನ್ನಾದರೂ ಮಾಡಿದ್ದನ್ನು ನಾನು ಆ ಮೂರು ದಿನಗಳಲ್ಲಿ ನೋಡಿರಲಿಲ್ಲ. ತುದಿಯಲ್ಲಿ ಬೆರಳು ನಿಂತಿತು.

"ಇಷ್ಟು ಎತ್ತರ ಅದೀನೇನ್ರಿ ನಾ?"

ಪ್ರಬಂಧಕ್ಕೆ ಆ ಕಾಗದ ಬೇಕಿತ್ತು; ಅದರಲ್ಲೂ ಆ ಗೆರೆಯೇ ಬೇಕಿತ್ತು. ಪ್ರೊಫೆಸರರಿಗೆ ಮೂಲ ಪ್ರತಿಯೇ ಆಗಬೇಕೆಂದು ಹಟ. ನಾನು ಜೇಬಿನಿಂದ ಅಡಿಪಟ್ಟಿ ತೆಗೆದು ಕಾಗದದ ಮೇಲಿಟ್ಟು, ಅವಳ ಹೆಸರಿನ ಆಚೆಗೊಂದು ಈಚೆಗೊಂದು ಸೀಳು ಹಾಕಿ, ಆ ತುಂಡನ್ನು ಹರಿದು ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಚಿ ಸೊಂಟದ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು.

"ಮಾಸ್ತರ," ಎಂದು ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ಕೋಟು ತೊಟ್ಟು ಗುಂಡಿ ಹಾಕಿಕೊಂಡು ವಿರೂಪಾಕ್ಷಪ್ಪನವರು ನಿಂತಿದ್ದರು. "ಮುಂಜಾನೆ ನಾನೂ ಒಂದು ಬುಟ್ಟಿ ಸುರ್ವಿದ್ನಲ್ರಿ. ನಂದೂ ಗೆರಿ ಬಿದ್ದಿರಬೇಕಲ್ಲ?"

ಹುಡುಕಿ, ಹರಿದು ಕೊಟ್ಟೆ. ಅವರು ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡುತ್ತಿರುವಾಗ ಫಕೀರವ್ವ ತನ್ನದನ್ನು ಚೀಲದಿಂದ ತೆಗೆದು, ಮಡಿಕೆ ಬಿಡಿಸಿ, ಏನೂ ಮಾತಾಡದೆ ಅವರದರ ಪಕ್ಕಕ್ಕೆ ಹಿಡಿದಳು. ಗುಮಾಸ್ತರು ಎರಡನ್ನೂ ಒಂದು ಸಲ ನೋಡಿದರು, ಕನ್ನಡಕ ಒರೆಸಿ ಮತ್ತೊಂದು ಸಲ ನೋಡಿದರು. ಅವರದು ಎರಡು ಚೌಕ ಗಿಡ್ಡವಾಗಿತ್ತು.